ಹಳೇ ಗೋಡೆ: ಚಿನ್ನದ ಊರಿನ ಬಂಗಲೆಗಳು, ಲೈನ್ ಮನೆಗಳು

ಹೋದ ತಿಂಗಳು ಈ ಅಂಕಣದಲ್ಲಿ ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್, ಚಿನ್ನದ ಗಣಿಯ ಊರು) ಬಗ್ಗೆ ಬರೆದದ್ದು ಎರಡೇ ಸಾಲು. ಚಾಂಪಿಯನ್ ರೀಫ್ಸ್ ಕಡೆ ಹೋಗಿದ್ದೆ, ಒಂದು ಬಂಗಲೆಯ ಸೂರು ಕುಸಿದು ಒಳಗೆ ಹೊಂಗೆ ಗಿಡ ಬೆಳೆದಿತ್ತು, ಹೊಟ್ಟೆ ಉರಿಯಿತು ಅಂತ. ಅಷ್ಟಕ್ಕೇ ಕಾಗದಗಳು ಬಂದು ಬಿದ್ದವು. ಕೋಲಾರದಿಂದಲ್ಲ, ಹೆಚ್ಚಿನವು ಮಂಡ್ಯ ಜಿಲ್ಲೆಯಿಂದ! ಅದಕ್ಕೆ ಕಾರಣ ಮೊದಲನೇ ಉತ್ತರದಲ್ಲೇ ಇದೆ. ಈ ಸಲ ಬಚ್ಚಲ ಗೋಡೆಯ ತೇವ, ತಾರಸಿ ಸೋರಿಕೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಪೂರ್ತಿ ಪುಟ ಆ ಊರಿಗೇ ಕೊಡುತ್ತೇನೆ.

ಹೊಸ ಓದುಗರಿಗೆ ನನ್ನ ಪರಿಚಯ. ಹುಟ್ಟಿದ್ದು ಶಿವನಸಮುದ್ರದ ಬ್ಲಫ್‌ನಲ್ಲಿ. ಅಪ್ಪ ಅಲ್ಲಿನ ಪವರ್ ಹೌಸ್‌ನಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸದಲ್ಲಿದ್ದರು. ನಾನು 31 ವರ್ಷ ಸರ್ಕಾರಿ ಕಟ್ಟಡಗಳ ದುರಸ್ತಿ ನೋಡಿಕೊಂಡು, ಈಗ ಮೈಸೂರಿನ ಸರಸ್ವತಿಪುರದಲ್ಲಿ ನೆಲೆಸಿದ್ದೇನೆ. ನಮ್ಮ ಮನೆಯವರು ಕೆಜಿಎಫ್‌ನ ಹುಡುಗಿ. ಅವರಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸ ಮಾಡುತ್ತಿದ್ದರು. ಅಂದರೆ ಕರೆಂಟು ಕಳಿಸಿದ ಮನೆಯ ಹುಡುಗನೂ ಕರೆಂಟು ತಗೊಂಡ ಮನೆಯ ಹುಡುಗಿಯೂ 1981ರಲ್ಲಿ ಒಂದಾದರು. ಈ ಜೋಕನ್ನು ನಾನು ವರ್ಷಕ್ಕೆ ನಾಲ್ಕು ಸಲ ಹೇಳುತ್ತೇನಂತೆ. ದೂರು ಯಾರದ್ದು ಅಂತ ಬೇರೆ ಹೇಳಬೇಕಿಲ್ಲ.

ಪ್ರಶ್ನೆ: ನಮ್ಮ ತಾತ "ನಮ್ಮ ಹೊಳೆ ನೀರಲ್ಲಿ ಕೋಲಾರದ ಚಿನ್ನ ತೆಗೆದರು, ನಮಗೆ ಮಾತ್ರ ಬುಡ್ಡಿ ದೀಪ" ಅಂತ ಬೈಯುತ್ತಿದ್ದರು. ಇದು ನಿಜವೇ, ಸುಮ್ನೆ ಹೇಳುತ್ತಿದ್ದರೇ? (ಮಳವಳ್ಳಿಯ ಓದುಗರು)

ಉತ್ತರ: ನಿಮ್ಮ ತಾತ ಸುಮ್ನೆ ಹೇಳಿದ್ದಲ್ಲ. ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿಸಿದ್ದೇ ಕೆಜಿಎಫ್‌ಗಾಗಿ. ಅದಕ್ಕೆ ಮುಂಚೆ ಗಣಿಯ ಯಂತ್ರಗಳು ಉಗಿಯಲ್ಲಿ ಓಡುತ್ತಿದ್ದವು. ಉಗಿ ಬೇಕಾದರೆ ಸೌದೆ ಬೇಕು, ಕಲ್ಲಿದ್ದಲು ಬೇಕು. ಸುತ್ತಲಿನ ಕಾಡು ಖಾಲಿಯಾಗುತ್ತಾ ಬಂದಿತ್ತು, ಖರ್ಚೂ ಜಾಸ್ತಿ. ಆಗ ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರಾಗಿದ್ದ ಜೋಲಿ ದ ಲಾಟ್ಬಿನೇರ್ ಅನ್ನುವವರು ಕಾವೇರಿ ಧುಮುಕುವ ಜಾಗದಲ್ಲಿ ವಿದ್ಯುತ್ ತಯಾರಿಸಿ ತಂತಿಯಲ್ಲಿ ಕೋಲಾರಕ್ಕೆ ಕಳಿಸುವ ಯೋಜನೆ ಮುಂದಿಟ್ಟರು. ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ಕೈಗೆತ್ತಿಕೊಂಡರು. ಪಾಪ, ಕರೆಂಟು ಹರಿದದ್ದನ್ನು ನೋಡಲು ಅವರಿರಲಿಲ್ಲ. 1901ರಲ್ಲೇ ತೀರಿಕೊಂಡರು. 1902ರ ಜೂನ್ 30ರಂದು ಕೆಜಿಎಫ್‌ಗೆ ಕರೆಂಟು ಹೋಯಿತು. ಟರ್ಬೈನು ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪನಿಯದು, ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. ತಂತಿಯ ಉದ್ದ 147 ಕಿ.ಮೀ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಒಟ್ಟು ಶಕ್ತಿ ನಾಲ್ಕು ಮೆಗಾವಾಟ್ ಚಿಲ್ಲರೆ. ಇವತ್ತು ಊರಿಗೊಂದು ಸೋಲಾರ್ ಪಾರ್ಕ್ ಬರುತ್ತಿರುವಾಗ ಇದನ್ನು ಕೇಳಿ ಹುಡುಗರು ನಗುತ್ತಾರೆ. ನಗಲಿ ಬಿಡಿ.

ಬುಡ್ಡಿ ದೀಪದ ಮಾತೂ ನಿಜ. ಬೆಂಗಳೂರಿಗೆ ಕರೆಂಟು ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ತಂತಿ ತಲೆ ಮೇಲೇ ಹಾದುಹೋದ ಹಳ್ಳಿಗಳು ಎಷ್ಟೋ ದಶಕ ಸೀಮೆಎಣ್ಣೆಯಲ್ಲೇ ಕಾಲ ಕಳೆದವು. ನಮ್ಮಪ್ಪ ಹೇಳುತ್ತಿದ್ದರು: ಡ್ಯೂಟಿ ಮುಗಿಸಿ ಅಕ್ಕಪಕ್ಕದ ಹಳ್ಳಿಯ ನೆಂಟರ ಮನೆಗೆ ಹೋದರೆ, "ಏನಯ್ಯಾ, ಕರೆಂಟು ಮಾಡೋನು ನೀನು, ಲಾಟೀನು ಹಿಡಕೊಂಡು ಬಂದಿದ್ದೀಯಲ್ಲಾ" ಅಂತ ಆಡಿಕೊಳ್ಳುತ್ತಿದ್ದರಂತೆ.

ಇನ್ನೊಂದು ವಿಷಯ ನಿಮ್ಮ ತಾತನಿಗೆ ಗೊತ್ತಿತ್ತೋ ಇಲ್ಲವೋ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತಲ್ಲ, ಅದರ ಹಿಂದೆಯೂ ಗಣಿಯ ಬೇಡಿಕೆ ಇತ್ತು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಟರ್ಬೈನು ಸೊರಗುತ್ತಿತ್ತು. ಆದರೆ ಗಣಿಗೆ ಕರೆಂಟು ನಿಲ್ಲುವ ಹಾಗಿಲ್ಲ. ನೆಲದಡಿ ಜನ ಇರುತ್ತಾರೆ, ಅವರನ್ನು ಮೇಲೆತ್ತಬೇಕು, ನೀರನ್ನು ಪಂಪು ಮಾಡಿ ಹೊರಗೆ ಹಾಕುತ್ತಲೇ ಇರಬೇಕು. ವರ್ಷವಿಡೀ ಒಂದೇ ಸಮ ನೀರು ಬಿಡಲು ಕಟ್ಟೆ ಬೇಕಾಯಿತು. ಅದೇ ಕಟ್ಟೆ ಮಂಡ್ಯದ ಗದ್ದೆಗೂ ನೀರು ಕೊಟ್ಟಿತು. ಹಾಗಾಗಿ ಕೆಜಿಎಫ್‌ನ ಕಟ್ಟಡ ಬಿದ್ದರೆ ಮಂಡ್ಯದವರು ಕಾಗದ ಬರೆಯುವುದು ನ್ಯಾಯವೇ.

ಪ್ರಶ್ನೆ: ನಾವು ಐದು ಜನ ಕಾಲೇಜು ಗೆಳತಿಯರು ಒಂದು ದಿನದ ಮಟ್ಟಿಗೆ ಕೆಜಿಎಫ್ ನೋಡಲು ಹೊರಟಿದ್ದೇವೆ. ಯಾವ ಕಟ್ಟಡ ತಪ್ಪದೆ ನೋಡಬೇಕು? ಗಣಿಯೊಳಗೆ ಇಳಿಯಬಹುದಾ ಸರ್? (ಒಂಟಿಕೊಪ್ಪಲಿನ ಓದುಗರು)

ಉತ್ತರ: ಇಳಿಯಲಾಗದು, ಮಗೂ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ. ಗಣಿಬಾವಿಗಳ ಹತ್ತಿರ ಬೇಲಿ ಹಾರಿ ಹೋಗುವ ಸಾಹಸವೂ ಬೇಡ. ಸಿನಿಮಾ ನೋಡಿಕೊಂಡು ಬಂದ ಹುಡುಗರು ಅಲ್ಲಿ ಮೊಬೈಲು ಹಿಡಿದು ಹಿಂದೆ ಹಿಂದೆ ನಡೆಯುವುದನ್ನು ಕಂಡು ನನ್ನ ಎದೆ ಹೊಡೆದುಕೊಂಡಿದೆ.

ಕಾರಲ್ಲಿ ಹೋಗಬೇಡಿ. ಬಂಗಾರಪೇಟೆಗೆ ಹೋಗಿ, ಅಲ್ಲಿಂದ ಮಾರಿಕುಪ್ಪಂ ರೈಲು ಹತ್ತಿ. 1894ರಲ್ಲಿ ಗಣಿಗಾಗಿಯೇ ಹಾಕಿದ ಚಿಕ್ಕ ಕವಲು ಅದು. ನಿಲ್ದಾಣಗಳ ಹೆಸರು ಓದಿಕೊಳ್ಳಿ: ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಊರಿನ ಹೆಸರೂ ಗಣಿಯ ಹೆಸರೂ ಕಲಸಿಹೋಗಿವೆ. ಉರಿಗಾಂ ಮತ್ತು ಮಾರಿಕುಪ್ಪಂ ಗಣಿಗಿಂತ ಹಳೆಯ ಹಳ್ಳಿಗಳು. 1802ರಲ್ಲಿ ಜಾನ್ ವಾರೆನ್ ಅನ್ನುವ ಬ್ರಿಟಿಷ್ ಸೇನೆಯ ಅಧಿಕಾರಿ ಈ ಕಡೆ ಸರ್ವೆಗೆ ಬಂದಾಗ, ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಪುಡಿ ತೆಗೆಯುವುದನ್ನು ಕಂಡು ಬರೆದಿಟ್ಟ. ಸುಮಾರು 70 ವರ್ಷದ ಮೇಲೆ ಆ ಬರಹ ಬೆಂಗಳೂರು ದಂಡಿನಲ್ಲಿ ಇದ್ದ ಲವೆಲ್ ಅನ್ನುವ ನಿವೃತ್ತ ಸೈನಿಕನ ಕಣ್ಣಿಗೆ ಬಿತ್ತು. ಬೆಂಗಳೂರಿನ ಲವೆಲ್ ರಸ್ತೆ ಅವನದೇ ಹೆಸರು. ಅವನು ಸಂಸ್ಥಾನದಿಂದ ಗಣಿಯ ಹಕ್ಕು ಪಡೆದ, ದುಡ್ಡು ಸಾಲದೆ ಬೇರೆಯವರ ಕೈಗೆ ಬಿಟ್ಟ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಊರು ಊರಾಯಿತು.

ಉರಿಗಾಂನಲ್ಲಿ ಇಳಿದರೆ ಕಂಪನಿ ಸಾಹೇಬರ ಲೋಕ. ಇಳಿಜಾರು ಸೂರಿನ ಬಂಗಲೆಗಳು, ಸುತ್ತ ತೋಟದ ಜಾಗ, ಕ್ಲಬ್ಬು, ಚರ್ಚು, ಗಾಲ್ಫ್ ಆಡುವ ಬಯಲು. ಇದನ್ನೇ ‘ಲಿಟಲ್ ಇಂಗ್ಲೆಂಡ್’ ಅಂತ ಕರೆಯುತ್ತಿದ್ದರು. ಕ್ಲಬ್ಬು 1885ರದು. ಒಳಗೆ ನೋಡಬೇಕಾದರೆ ಮೊದಲೇ ಅನುಮತಿ ಕೇಳಿ. ಬಂಗಲೆಗಳಲ್ಲಿ ಬಾಗಿಲು ಕಿಟಕಿ ಕಿತ್ತುಹೋದವೇ ಜಾಸ್ತಿ. ಹೊರಗಿಂದ ನೋಡಿ, ಒಳಗೆ ಕಾಲಿಡಬೇಡಿ. ಗೆದ್ದಲು ತಿಂದ ತೊಲೆ ಹೊರಗಿಂದ ಗಟ್ಟಿಯಾಗೇ ಕಾಣುತ್ತದೆ.

ಅಲ್ಲೇ ನಿಂತು ಎಲ್ಲ ಫೋಟೋ ಮುಗಿಸಬೇಡಿ. ಚಾಂಪಿಯನ್ ರೀಫ್ಸ್ ಕಡೆ ನಡೆಯಿರಿ. ಅಲ್ಲಿ ಹೆಡ್‌ಗೇರ್ ಕಾಣುತ್ತದೆ. ಬಾವಿಯ ಮೇಲೆ ರಾಟೆ ಕಟ್ಟಿದ ಹಾಗೆ, ಗಣಿಬಾವಿಯ ಮೇಲೆ ನಿಂತ ಕಬ್ಬಿಣದ ಗೋಪುರ. ಅದರ ಚಕ್ರದ ಮೇಲೆ ಹಗ್ಗ ಓಡುತ್ತಿತ್ತು, ಹಗ್ಗದ ತುದಿಯಲ್ಲಿ ಜನ ತುಂಬಿದ ಪಂಜರ. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿ.ಮೀ. ಹೇಗೆ ಅಂದಾಜು ಮಾಡುತ್ತೀರಿ? ಮೈಸೂರಿನ ನೆಲದಿಂದ ಚಾಮುಂಡಿ ಬೆಟ್ಟ ಸುಮಾರು 300 ಮೀಟರ್ ಎತ್ತರ. ಅಂಥ ಹತ್ತು ಬೆಟ್ಟ ಒಂದರ ಮೇಲೊಂದು ಇಟ್ಟು ಬುಡಮೇಲು ಮಾಡಿದರೆ ಆ ಆಳ. ಅಷ್ಟು ಕೆಳಗೆ ಬಂಡೆ ಮುಟ್ಟಿದರೆ ಸುಡುತ್ತದೆ. ನಮ್ಮ ಮಾವ ಮೇಲೆ ಬಂದ ಮೇಲೂ ಅರ್ಧ ಗಂಟೆ ಮಾತಾಡುತ್ತಿರಲಿಲ್ಲ, ನೀರು ಕುಡಿಯುತ್ತಾ ಕೂತಿರುತ್ತಿದ್ದರು. ನೀವು ವಿಜ್ಞಾನದವರಾದರೆ ಇದೂ ತಿಳಿದಿರಲಿ: 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತು ಸಿಕ್ಕಿದ್ದು ಈ ಗಣಿಯ ಆಳದಲ್ಲಿಟ್ಟ ಉಪಕರಣಗಳಲ್ಲೇ.

ಆಮೇಲೆ ಗಣಿ ಕೂಲಿಯವರ ಲೈನ್ ಮನೆಗಳು. ಇವನ್ನು ನೋಡದೆ ಬಂದರೆ ಕೆಜಿಎಫ್ ನೋಡಿದ ಹಾಗಲ್ಲ. ಒಂದಕ್ಕೊಂದು ಬೆನ್ನು ಅಂಟಿಸಿದ ಸಾಲು ಸಾಲು ಮನೆ, ಒಂದೇ ಕೋಣೆ, ಮುಂದೆ ಮಂಡಿ ಮಡಚಿ ಕೂರುವಷ್ಟು ಜಗುಲಿ. ಮೊದಮೊದಲು ಬಿದಿರು ತಟ್ಟಿಯ ಗುಡಿಸಲುಗಳು, ಆಮೇಲೆ ಗೋಡೆ ಬಂತು. ಜನ ವಾಸ ಇದ್ದಾರೆ, ಹಾಗಾಗಿ ಮೊದಲು ನಮಸ್ಕಾರ ಹೇಳಿ, ಆಮೇಲೆ ಕ್ಯಾಮೆರಾ ತೆಗೆಯಿರಿ. ಕೊನೆಗೆ ಸಮಯ ಉಳಿದರೆ ರಾಬರ್ಟ್‌ಸನ್‌ಪೇಟೆಯ ನೇರ ಬೀದಿಗಳಲ್ಲಿ ತಿರುಗಿ. ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನ ಊರು, ಅಳತೆ ಹಿಡಿದು ಕಟ್ಟಿದ್ದು. ಬೇತಮಂಗಲದ ನೀರು ಸರಬರಾಜು ಕಟ್ಟಡಗಳು ಒಂದೇ ದಿನದಲ್ಲಿ ಆಗುವುದಿಲ್ಲ. ಅದಕ್ಕೆ ಇನ್ನೊಮ್ಮೆ ಹೋಗಿ.

ಪ್ರಶ್ನೆ: ನಮ್ಮ ಯಜಮಾನರ ಜೊತೆ ಹೋಗಿ ನೋಡಿಬಂದೆ. ನನಗೆ ಒಂದು ಅರ್ಥ ಆಗಲಿಲ್ಲ. ಮೊಳ ದಪ್ಪದ ಗೋಡೆಯ ಬಂಗಲೆಗಳು ಬಿದ್ದಿವೆ, ತೆಳು ಗೋಡೆಯ ಲೈನ್ ಮನೆಗಳು ನಿಂತಿವೆ. ಇದು ಹೇಗೆ? (ಮಂಡ್ಯದ ಗುತ್ತಲು ಬಡಾವಣೆಯ ಓದುಗರು)

ಉತ್ತರ: ತಾಯಿ, ಈ ತಿಂಗಳ ಒಳ್ಳೇ ಪ್ರಶ್ನೆ ನಿಮ್ಮದು. 31 ವರ್ಷದಲ್ಲಿ ನಾನು ಕಲಿತದ್ದೆಲ್ಲ ಇದೊಂದರ ಉತ್ತರವೇ.

ಕಟ್ಟಡ ಕೆಡುವುದು ಗೋಡೆಯಿಂದಲ್ಲ, ನೆತ್ತಿಯಿಂದ. ಒಂದು ಹೆಂಚು ಜಾರಿತು ಅಂತಿಟ್ಟುಕೊಳ್ಳಿ. ಜನ ಇರುವ ಮನೆಯಲ್ಲಿ ಆ ರಾತ್ರಿಯೇ ಗೊತ್ತಾಗುತ್ತದೆ, ಹಾಸಿಗೆ ಮೇಲೆ ನೀರು ತೊಟ್ಟಿಕ್ಕುತ್ತದಲ್ಲ! ಬೆಳಗ್ಗೆ ಯಾರಾದರೂ ಏಣಿ ಹಾಕಿ ಹತ್ತುತ್ತಾರೆ. ಹೆಂಚು ಸಿಗದಿದ್ದರೆ ತಗಡು, ತಗಡು ಇಲ್ಲದಿದ್ದರೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೊಂದು ಕಲ್ಲು. ನೋಡಲು ಚೆಂದ ಇಲ್ಲ ಅಷ್ಟೇ, ನೀರು ನಿಂತಿತಲ್ಲ. ಬೀಗ ಹಾಕಿದ ಬಂಗಲೆಯಲ್ಲಿ ಅದೇ ಹೆಂಚು ಜಾರಿದರೆ ಕೇಳುವವರಿಲ್ಲ. ಮೊದಲ ಮಳೆಗಾಲ ರೀಪರ್, ಅಂದರೆ ಹೆಂಚು ಕೂರುವ ಮರದ ಪಟ್ಟಿ, ನೆನೆಯುತ್ತದೆ. ಎರಡನೆಯದಕ್ಕೆ ತೊಲೆಯ ತುದಿ, ಅಂದರೆ ಗೋಡೆಯೊಳಗೆ ಕೂತ ಭಾಗ, ಕೊಳೆಯುತ್ತದೆ. ಅಲ್ಲಿಗೆ ಗೆದ್ದಲು ಬರುತ್ತದೆ. ತೊಲೆ ಕೂತರೆ ಅದರ ಜೊತೆ ಹತ್ತು ಅಡಿ ಹೆಂಚು. ಆಮೇಲೆ ಗೋಡೆಯ ನೆತ್ತಿ ಬಯಲು. ಸುಣ್ಣದ ಗಾರೆಯ ಗೋಡೆಗೆ ಕೆನ್ನೆಗೆ ಮಳೆ ಹೊಡೆದರೆ ತಡೆದುಕೊಳ್ಳುತ್ತದೆ, ನೆತ್ತಿಗೆ ಸುರಿದರೆ ತಡೆಯಲ್ಲ. ಹಕ್ಕಿ ಹಾಕಿದ ಅರಳಿ ಬೀಜ ಆ ಒದ್ದೆಯಲ್ಲಿ ಮೊಳೆಯುತ್ತದೆ. ಅರಳಿ ಬೇರು ಹೊಕ್ಕ ಗೋಡೆಯನ್ನು ಉಳಿಸುವುದು ಎಂಥ ಕಷ್ಟ ಅಂತ ಯಾವ ಗಾರೆಯವರನ್ನಾದರೂ ಕೇಳಿ.

ಕಳ್ಳತನ ಬೇರೆ. ಬಂಗಲೆಯಲ್ಲಿ ಕದಿಯುವಂಥದ್ದು ಇತ್ತು: ತೇಗದ ಬಾಗಿಲು, ಹಿತ್ತಾಳೆ ಹಿಡಿ, ಕಬ್ಬಿಣದ ಕಂಬ. ಲೈನ್ ಮನೆಯಲ್ಲಿ ಕದಿಯಲು ಏನಿತ್ತು? ಜೊತೆಗೆ ಅಲ್ಲಿ ರಾತ್ರಿಯೆಲ್ಲ ಯಾರಾದರೂ ಕೆಮ್ಮುತ್ತಿರುತ್ತಾರೆ.

ಬಂಡೆ ಸಿಡಿತದ ಮಾತನ್ನೂ ಸೇರಿಸಬೇಕು. ಆಳದಲ್ಲಿ ಒತ್ತಡ ತಡೆಯಲಾರದೆ ಬಂಡೆ ಒಮ್ಮೆಲೇ ಒಡೆಯುತ್ತದೆ. ಅದರ ಅದುರು ಮೇಲಿನ ಮನೆಗಳಿಗೂ ಬರುತ್ತಿತ್ತು. ನಮ್ಮ ಮನೆಯವರಿಗೆ ಚಿಕ್ಕಂದಿನಲ್ಲಿ ಸ್ಟ್ಯಾಂಡಿನ ಪಾತ್ರೆ ಗಲಗಲ ಅಂದರೆ ಭಯ. ಪಾತ್ರೆ ಬೀಳುತ್ತದೆ ಅಂತಲ್ಲ, ಅಪ್ಪ ಯಾವ ಪಾಳಿಯಲ್ಲಿದ್ದಾರೆ ಅಂತ. ಬೀದಿಯ ಹೆಂಗಸರೆಲ್ಲ ಹೊರಗೆ ಬಂದು ಗಣಿಬಾವಿಯ ದಿಕ್ಕಿಗೆ ನೋಡುತ್ತಾ ನಿಲ್ಲುತ್ತಿದ್ದರಂತೆ. ಅಂಥ ಅದುರಿಗೆ ಬಿಟ್ಟ ಬಿರುಕನ್ನು ಕೂಡಾ ಲೈನ್ ಮನೆಯವರು ದೀಪಾವಳಿಗೋ ಪೊಂಗಲ್‌ಗೋ ಕ್ರಿಸ್‌ಮಸ್‌ಗೋ ಸುಣ್ಣ ಬಳಿಯುವಾಗ ಮುಚ್ಚುತ್ತಿದ್ದರು. ವರ್ಷಕ್ಕೊಮ್ಮೆ ಬಳಿದ ಸುಣ್ಣ ಪದರ ಪದರವಾಗಿ ಸೇರಿ ಗೋಡೆಗೆ ಕವಚವಾಗುತ್ತದೆ. ಒಂದು ಕಡೆ ಕಿತ್ತ ಚಕ್ಕೆಯನ್ನು ಎಣಿಸಿದೆ. ಬಿಳಿ, ನೀಲಿ, ಬಿಳಿ, ಹಳದಿ, ಹಸಿರು, ನೀಲಿ... ಇಪ್ಪತ್ತೆರಡಕ್ಕೆ ಕಣ್ಣು ಸೋತಿತು.

ಹಾಗಾಗಿ ಕೆಜಿಎಫ್ ಉಳಿಸಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಬಂಗಲೆಗೆ ಬಣ್ಣ ಹೊಡೆಯಬೇಡಿ, ಒಳಗೆ ಜನರನ್ನು ಕೂರಿಸಿ. ಶಾಲೆ ಮಾಡಿ, ಅಂಚೆ ಕಚೇರಿ ಮಾಡಿ, ಹೊಲಿಗೆ ತರಗತಿ ಮಾಡಿ. ರಾತ್ರಿ ಒಬ್ಬ ಮನುಷ್ಯ ಮಲಗುವ ಹಾಗಿರಲಿ. ನಮ್ಮ ಮೈಸೂರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಬಿತ್ತು, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿತ್ತು. ಅಲ್ಲಿ ಜನ ಇದ್ದರಲ್ಲ ಅಂತ ನೀವು ಕೇಳಬಹುದು. ಇದ್ದರು, ಕೆಳಗೆ ಅಂಗಡಿಯಲ್ಲಿ. ಸೂರು ಯಾರದ್ದು ಅನ್ನುವುದು ಮಾತ್ರ ಅವರವರಲ್ಲೇ ಇತ್ಯರ್ಥ ಆಗಿರಲಿಲ್ಲ. ಬಾಡಿಗೆಯವರು ಮಾಲೀಕರ ಮುಖ ನೋಡುವುದು, ಮಾಲೀಕರು ಬಾಡಿಗೆಯವರ ಮುಖ ನೋಡುವುದು. ಮಳೆ ಇಬ್ಬರ ಮುಖವನ್ನೂ ನೋಡುವುದಿಲ್ಲ.

ಪ್ರಶ್ನೆ: ಶ್ರೀರಂಗಪಟ್ಟಣದಲ್ಲಿ ನಮ್ಮದು ತಾತನ ಕಾಲದ ಹೆಂಚಿನ ಮನೆ. ಸುಣ್ಣದ ಗಾರೆ ಉದುರುತ್ತಿದೆ. ಮೇಸ್ತ್ರಿ "ಎಲ್ಲ ಕೆರೆದು ಸಿಮೆಂಟ್ ಹೊಡೆಯೋಣ, ಐವತ್ತು ವರ್ಷ ಯೋಚನೆ ಇಲ್ಲ" ಅಂತಾರೆ. ಮಾಡಿಸಲಾ?

ಉತ್ತರ: ಬೇಡ. ನನ್ನದೇ ತಪ್ಪಿನ ಕಥೆ ಕೇಳಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳೇ ವಸತಿಗೃಹಕ್ಕೆ ಹೀಗೇ ಸಿಮೆಂಟ್ ಹೊಡೆಸಿದೆ. ಕನ್ನಡಿಯ ಹಾಗೆ ಮಿರಿಮಿರಿ ಅನ್ನುತ್ತಿತ್ತು, ಮೇಲಿನವರು ಬೆನ್ನು ತಟ್ಟಿದರು. ಮೂರನೇ ಮಳೆಗಾಲಕ್ಕೆ ಸಿಮೆಂಟು ಹಲಗೆ ಹಲಗೆಯಾಗಿ ಕಳಚಿ ಬಿತ್ತು. ಬೀಳುವಾಗ ಹಿಂದಿನ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡೇ ಬಿತ್ತು. ಹಳೇ ಗೋಡೆ ನೆಲದ ತೇವವನ್ನು ಎಳೆದುಕೊಂಡು ಸುಣ್ಣದ ಮೂಲಕ ಹೊರಗೆ ಬಿಡುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ. ನೀರು ಒಳಗೇ ಉಳಿದು ಉಪ್ಪು ಕಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಕೆಜಿಎಫ್‌ನ ಎಷ್ಟೋ ಮನೆಗಳಲ್ಲೂ ಇದೇ ಗಾಯ ಕಂಡೆ, ಕೆಳಗಿನ ಮೂರಡಿ ಸಿಮೆಂಟು, ಅದರ ಮೇಲೆ ಒದ್ದೆ ಗೆರೆ.

ನೀವು ಮಾಡಬೇಕಾದ್ದು: ಮೊದಲು ಸೂರಿನ ನೀರು ಗೋಡೆ ಬುಡಕ್ಕೆ ಬೀಳದ ಹಾಗೆ ದೋಣಿ ಕಟ್ಟಿಸಿ. ಅಂಗಳದ ಮಟ್ಟ ಏರಿದ್ದರೆ ಅಗೆದು ಇಳಿಸಿ. ಒಂದು ಬೇಸಿಗೆ ಗೋಡೆ ಒಣಗಲಿ. ಆಮೇಲೆ ಉದುರಿದ ಕಡೆ ಮಾತ್ರ ಗಾರೆ. ಸುಣ್ಣವನ್ನು ಅರಳಿಸಿ ನೀರಲ್ಲಿ ಎರಡು ಮೂರು ವಾರ ಬಿಡಿ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು, ಅದರಲ್ಲಿ ಮರಳೂ ಇರಲಿ, ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿಯೂ ಇರಲಿ. ಈ ಇಟ್ಟಿಗೆ ಪುಡಿಯೇ ಸುರ್ಕಿ. ನಿಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿರುವ ಕೆಆರ್‌ಎಸ್ ಕಟ್ಟೆಯನ್ನು ಕಟ್ಟಿದ್ದೇ ಸುರ್ಕಿ ಗಾರೆಯಲ್ಲಿ. ನಿಮ್ಮ ಮೇಸ್ತ್ರಿಗೆ ಅದನ್ನು ಹೇಳಿ, "ಆ ಕಟ್ಟೆಗೆ ಆದದ್ದು ನನ್ನ ಗೋಡೆಗೆ ಆಗಲ್ವಾ" ಅಂತ ಕೇಳಿ. ಬಳಿದ ಮೇಲೆ ಒದ್ದೆ ಗೋಣಿತಾಟು ಕಟ್ಟಿ ನಿಧಾನಕ್ಕೆ ಒಣಗಿಸಿ. ಸುಡುಬಿಸಿಲಲ್ಲಿ ಬಳಿದರೆ ಬಿರುಕು ಬಿಡುತ್ತದೆ, ಆಗ ಸುಣ್ಣವನ್ನು ಬೈಯಬೇಡಿ.

ಪ್ರಶ್ನೆ: ಮಗ ಪಶ್ಚಿಮ ಆಸ್ಟ್ರೇಲಿಯಾದಲ್ಲಿದ್ದಾನೆ. ಗ್ವಾಲಿಯಾ ಅನ್ನುವ ಹಳೇ ಚಿನ್ನದ ಗಣಿ ಊರಿನ ಫೋಟೋ ಕಳಿಸಿದ. ತಗಡಿನ ಗುಡಿಸಲುಗಳನ್ನೂ ಎಷ್ಟು ಜೋಪಾನ ಮಾಡಿದ್ದಾರೆ! ನಮ್ಮವರಿಗೆ ಯಾಕೆ ಬುದ್ಧಿ ಇಲ್ಲ? (ಕುವೆಂಪುನಗರದ ಓದುಗರು)

ಉತ್ತರ: ಬೈಯುವುದಕ್ಕೆ ಮುಂಚೆ ಎರಡೂ ಊರನ್ನು ಪಕ್ಕಪಕ್ಕ ಇಟ್ಟು ನೋಡೋಣ ಸ್ವಾಮಿ. ಗ್ವಾಲಿಯಾ ಇರುವುದು ಮರುಭೂಮಿಯಂಥ ಜಾಗದಲ್ಲಿ, ಕಾಲ್ಗೂರ್ಲಿ ಅನ್ನುವ ಗಣಿ ಪಟ್ಟಣದಿಂದಲೇ ಉತ್ತರಕ್ಕೆ 230 ಕಿ.ಮೀ.ಗೂ ಜಾಸ್ತಿ. ಮುಂದೆ ಅಮೆರಿಕದ ಅಧ್ಯಕ್ಷರಾದ ಹರ್ಬರ್ಟ್ ಹೂವರ್ 1898ರಲ್ಲಿ ಆ ಗಣಿಯ ಮ್ಯಾನೇಜರ್ ಆಗಿದ್ದರು. ಅವರಿಗಾಗಿ ಕಟ್ಟಿದ ಮನೆ ಇನ್ನೂ ಇದೆ. 1963ರ ಡಿಸೆಂಬರ್ ಕೊನೆಗೆ ಗಣಿ ಮುಚ್ಚಿತು. ಸುಮಾರು 1,200 ಜನರ ಊರು ಕೆಲವೇ ವಾರದಲ್ಲಿ 40 ಜನರ ಊರಾಯಿತು. ಜನ ಮೇಜು ಕುರ್ಚಿ ಕೂಡಾ ಬಿಟ್ಟು ಹೊರಟರು. ಕೂಲಿಯವರ ಮನೆಗಳು ತಗಡಿನವು, ಒಳಗೋಡೆ ಗೋಣಿತಾಟಿನದು. ಅಲ್ಲಿ ಮಳೆ ಕಡಿಮೆ, ಹೊಸ ಮನೆ ಕಟ್ಟಲು ಜಾಗ ಕೇಳುವವರಿಲ್ಲ. ಹಾಗಾಗಿ ನಿಂತವು, ಆಮೇಲೆ ಊರಿನವರು ಮುತುವರ್ಜಿ ವಹಿಸಿ ರಿಪೇರಿ ಮಾಡಿದರು.

ಕೆಜಿಎಫ್ ಹಾಗಲ್ಲ. ಗಣಿ ಮುಚ್ಚಿದರೂ ಜನ ಹೋಗಲಿಲ್ಲ. ಸಾವಿರಾರು ಜನ ಕತ್ತಲಿರುವಾಗಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆಗೆ ಬರುತ್ತಾರೆ. ಅದು ಸತ್ತ ಊರಲ್ಲ, ಮ್ಯೂಸಿಯಂ ಮಾಡಿ ಟಿಕೆಟ್ ಹಾಕಲಾಗದು. ಆದರೂ ಗ್ವಾಲಿಯಾದವರಿಂದ ಒಂದನ್ನು ಕಲಿಯಬೇಕು. ಅವರು ಮ್ಯಾನೇಜರ ಬಂಗಲೆಗೆ ಕೊಟ್ಟ ಮರ್ಯಾದೆಯನ್ನೇ ಕೂಲಿಯವನ ತಗಡಿನ ಮನೆಗೂ ಕೊಟ್ಟರು. ನಮ್ಮಲ್ಲಿ ಪಾರಂಪರಿಕ ಕಟ್ಟಡ ಅಂದ ಕೂಡಲೇ ಪಟ್ಟಿಗೆ ಬರುವುದು ಕ್ಲಬ್ಬು, ಚರ್ಚು, ಬಂಗಲೆ. ಲೈನ್ ಮನೆ ಪಟ್ಟಿಯಲ್ಲಿ ಕೊನೆಗೂ ಇರುವುದಿಲ್ಲ. ಪುರಾತತ್ವ ಇಲಾಖೆಯ ರಾಜ್ಯ ಕಚೇರಿ ಇರುವುದು ನಮ್ಮ ಮೈಸೂರಲ್ಲೇ. ನಿಮ್ಮ ಕೈಯಲ್ಲಿ ಅಷ್ಟು ಒಳ್ಳೆಯ ಅಕ್ಷರ ಇದೆ, ಅವರಿಗೂ ಒಂದು ಕಾಗದ ಬರೆಯಿರಿ.

ಪ್ರಶ್ನೆ: ಅಲ್ಲಿ ಎಲ್ಲರೂ ತಮಿಳು ಮಾತಾಡುತ್ತಾರಲ್ಲ, ಅದು ನಮ್ಮ ಪರಂಪರೆ ಹೇಗಾಗುತ್ತದೆ? (ಮದ್ದೂರಿನ ಓದುಗರು)

ಉತ್ತರ: ಈ ಪ್ರಶ್ನೆಯನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ಸಾರಿಗೆ ಒಗ್ಗರಣೆ ಹಾಕುತ್ತಿದ್ದವರು ಸೌಟು ಹಿಡಿದೇ ಬಂದರು. "ಕೆಳಗೆ ಇಳಿದವರು ಯಾರು ಅಂತ ಕೇಳಿ" ಅಂದರು. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದ ಬಡವರು, ಅದರಲ್ಲೂ ದಲಿತರು ಜಾಸ್ತಿ. ಅವರ ಜೊತೆ ಕಾರ್ನ್‌ವಾಲ್‌ನಿಂದ ಬಂದ ಗಣಿ ಕಸುಬಿನವರು, ಇಟಲಿಯವರು, ಆಂಗ್ಲೋ ಇಂಡಿಯನ್ನರು, ಕಾವಲಿಗೆ ಪಂಜಾಬಿಗಳು, ಸುತ್ತಲ ಹಳ್ಳಿಯ ಕನ್ನಡ ತೆಲುಗಿನವರು. ಅವರು ತೆಗೆದ ಚಿನ್ನದ ರಾಜಧನ ಬಂದದ್ದು ಮೈಸೂರಿನ ಖಜಾನೆಗೆ. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂತು. ನಮ್ಮ ಮಾವನ ಮನೆಯಲ್ಲಿ ಇದ್ದದ್ದು ಅತ್ತೆಯ ತಾಳಿ ಮತ್ತು ಒಂದು ಜೊತೆ ಓಲೆ. ಮಾವ 1930ರ ಮುಷ್ಕರದ ಕಥೆಯನ್ನು ತಮ್ಮ ಅಪ್ಪನಿಂದ ಕೇಳಿದ್ದರು. ಕಂಪನಿ ಎಲ್ಲ ಕೂಲಿಯವರ ಹೆಬ್ಬೆರಳ ಗುರುತು ತಗೊಳ್ಳಲು ಹೊರಟಿತು, "ನಾವೇನು ಕಳ್ಳರಾ" ಅಂತ ಜನ ಕೆಲಸ ಬಿಟ್ಟು ಕೂತರು. ಅದನ್ನು ಅವರು ಹೇಳಿದ್ದು ತಮಿಳಿನಲ್ಲೇ. ನನಗೆ ಅರ್ಥ ಆಯಿತು.

ಪ್ರಶ್ನೆ: ಸೈನೈಡ್ ಗುಡ್ಡದಲ್ಲಿ ಇನ್ನೂ ಚಿನ್ನ ಇದೆಯಂತೆ. ಹತ್ತಿರ ಒಂದು ಸೈಟು ತಗೊಂಡರೆ ಹೇಗೆ? (ಹೆಸರು ಬೇಡ, ಪಾಂಡವಪುರ)

ಉತ್ತರ: ಗುಡ್ಡದಲ್ಲಿ ಚೂರುಪಾರು ಚಿನ್ನ ಇರುವುದು ನಿಜ. ಅದಿರನ್ನು ಹಿಟ್ಟು ಮಾಡಿ, ಸೈನೈಡ್ ನೀರಲ್ಲಿ ಚಿನ್ನ ಕರಗಿಸಿ ತೆಗೆದು, ಉಳಿದ ಹಿಟ್ಟನ್ನು ಸುರಿದದ್ದೇ ಆ ಗುಡ್ಡಗಳು. ನಿಮ್ಮ ಸೈಟಿಗೆ ಬರುವುದು ಚಿನ್ನವಲ್ಲ, ಗಾಳಿ ಬೀಸಿದಾಗ ಆ ಹಿಟ್ಟು. ನಮ್ಮತ್ತೆ ದಿನಕ್ಕೆ ಮೂರು ಸಲ ನೀರಿನ ಕೊಡದ ಬಾಯಿಗೆ ಬಟ್ಟೆ ಬದಲಾಯಿಸುತ್ತಿದ್ದರು.

ಪ್ರಶ್ನೆ: ನಮ್ಮ ಮಾವನವರು ಗಣಿಯಲ್ಲಿದ್ದರು, ತೀರಿಕೊಂಡು ಎಂಟು ವರ್ಷ ಆಯಿತು. ಅವರ ಪೆಟ್ಟಿಗೆಯಲ್ಲಿ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ ಸಿಕ್ಕಿತು. ಕಪ್ಪಾಗಿದೆ. ತೊಳೆದು ದೇವರ ಮನೆಯಲ್ಲಿ ಇಡಬಹುದೇ? (ಮಂಡ್ಯದ ಓದುಗರು)

ಉತ್ತರ: ಇಡಿ ಅಮ್ಮಾ. ಆದರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಬೂದಿಯೂ ಬೇಡ, ಪಾತ್ರೆ ತೊಳೆಯುವ ನಾರೂ ಬೇಡ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು, ಕಪ್ಪು ಹಾಗೇ ಇರಲಿ. ನಂಬರನ್ನೂ ಮಾವನವರ ಹೆಸರನ್ನೂ ಕೆಲಸ ಮಾಡಿದ ಗಣಿಯ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ನಮ್ಮ ಮನೆಯಲ್ಲೂ ಒಂದು ಬಿಲ್ಲೆ ಇದೆ. ಪ್ರತಿ ಆಯುಧಪೂಜೆಗೆ ಉಜ್ಜಿ ಉಜ್ಜಿ ಫಳಫಳ ಮಾಡಿದ್ದೇವೆ. ಮೊದಲನೇ ಅಂಕಿ ನಾಲ್ಕು. ಆಮೇಲಿನದು ಒಂದೋ ಏಳೋ ಅಂತ ನಾನೂ ನಮ್ಮ ಮನೆಯವರೂ ಇವತ್ತಿಗೂ ವಾದ ಮಾಡುತ್ತೇವೆ.